ರೆಪ್ಪೆಯ ಸಂದಿಯಿಂದ ನೋಡಿದ್ದು

ನನ್ನ ಎಡಗೈಗೆ ನೋವಾಗುವುದು ನಿಂತಾಗ ನಾನು ಹೆದರಲಿಲ್ಲ, ಹೆಮ್ಮೆಪಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹಾಗೆ ಮೋಸಹೋದವರು ಇನ್ನೂ ಇರಬಹುದು.

ನಮ್ಮದು ಅರಸೀಕೆರೆಯ ಪಕ್ಕದ ಹಳ್ಳಿ. ತೆಂಗಿನಕಾಯಿಯನ್ನು ಮನೆಯ ಅಟ್ಟದಲ್ಲಿ ಹರಡಿ ಹನ್ನೊಂದು ಹನ್ನೆರಡು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕಾಯಿ ಕೊಬ್ಬರಿಯಾಗಿ, ಚಿಪ್ಪನ್ನು ತಾನಾಗಿಯೇ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಸದ್ದು ಬಾರದ ಕಾಯಿಯನ್ನು ಅವಸರಪಟ್ಟು ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಸದ್ದು ಬಂದದ್ದನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮಚ್ಚಿನಿಂದ ಸುತ್ತಲೂ ತಟ್ಟಿ ಚಿಪ್ಪು ಬಿಡಿಸಿ, ಉಂಡೆಯನ್ನು ಒಂದು ಗೀರೂ ಬೀಳದ ಹಾಗೆ ತೆಗೆಯಬೇಕು. ಊರಲ್ಲಿ ಯಾರ ಮನೆಯ ಅಟ್ಟ ಇಳಿಸಿದರೂ ಈ ಕೆಲಸಕ್ಕೆ ಮೊದಲು ನನ್ನನ್ನೇ ಕರೆಯುತ್ತಿದ್ದರು.

ಒಡೆದ ಚಿಪ್ಪಿನ ಅಂಚು ಬಹಳ ಹರಿತ. ಜೊತೆಯ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಉಸ್ಸಪ್ಪಾ ಅನ್ನುತ್ತಿದ್ದರು. ನಾನು ಬಟ್ಟೆ ಸುತ್ತಿದವಳಲ್ಲ. ಕಿರುಬೆರಳಿನ ಬದಿಗೆ ಚಿಪ್ಪು ಕೊಯ್ದು ರಕ್ತ ಬಂದರೂ ಪಕ್ಕದವರು ಹೇಳಿದ ಮೇಲೇ ನೋಡಿಕೊಳ್ಳುತ್ತಿದ್ದೆ. "ಜಯಮ್ಮಂದು ಕೈಯಲ್ಲ ಕಣ್ರೇ, ಅದೂ ಒಂದು ಚಿಪ್ಪೇಯ" ಅಂತ ನಗುತ್ತಿದ್ದರು. ಆ ಮಾತು ಕೇಳಿದರೆ ನನಗೆ ಸಭೆಯಲ್ಲಿ ಶಾಲು ಹೊದಿಸಿದಷ್ಟು ಸಂತೋಷ. ಇಪ್ಪತ್ತೈದು ವರ್ಷ ಮಚ್ಚು ಹಿಡಿದ ಕೈ, ಪಳಗಿದೆ ಅಂದುಕೊಂಡೆ. ಕುದಿಯುವ ಸಾರಿನ ಪಾತ್ರೆಯನ್ನು ಮಸಿಬಟ್ಟೆ ಇಲ್ಲದೆ ಎಡಗೈಯಿಂದ ಇಳಿಸಿ ತಂಗಿಯ ಮುಂದೆ ಇಡುತ್ತಿದ್ದೆ. ಅವಳು ನೋಡಲಿ ಅಂತಲೇ ಇಡುತ್ತಿದ್ದೆ.

ತಂಗಿಯ ವಿಷಯ ಬಿಟ್ಟು ಕಾಯಿಲೆಯ ವಿಷಯ ಹೇಳಲು ನನಗೆ ಬರುವುದಿಲ್ಲ. ಮಂಜುಳಾ ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ನಮ್ಮ ತವರು ಹಳೇಬೀಡಿನ ಹತ್ತಿರ. ಕಾಫಿ ಕುಯ್ಯುವ ಕಾಲಕ್ಕೆ ಅಪ್ಪ ಅವ್ವ ಬಿಕ್ಕೋಡಿನ ಕಡೆಯ ಎಸ್ಟೇಟಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಲ್ಲ. ನನ್ನನ್ನು ಐದನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಅವಳು ನನ್ನ ಸೊಂಟದ ಮೇಲೇ ಬೆಳೆದಳು. ಬೆಳೆದು ಸ್ಕೂಲಿಗೆ ಹೋದಳು, ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಸ್ಕೂಲಿನವರು ಬೇಲೂರಿನ ದೇವಸ್ಥಾನ ತೋರಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋದ ದಿನ ಅವಳಿಗೆ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿದವಳು ನಾನು. ಸಂಜೆ ಬಂದು ಒಂದೊಂದು ಕಂಬವನ್ನೂ ವರ್ಣಿಸಿದಳು. ನಾನು ಬೇಲೂರು ನೋಡಿದ್ದು ಮದುವೆಯಾದ ಮೇಲೆ. ಆ ಕಂಬಗಳ ನಡುವೆ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಒಂದೇ, ಇದನ್ನೆಲ್ಲ ಅವಳು ನನಗಿಂತ ಮೊದಲು ನೋಡಿದಳು ಅಂತ.

ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷಕ್ಕೆ ಅತ್ತೆ ಅವಳನ್ನು ನನ್ನ ಮೈದುನ ರಮೇಶನಿಗೆ ಕೇಳಿದರು. ನನಗೆ ಬೇಡವಾಗಿತ್ತು. ಆದರೆ ಒಡಹುಟ್ಟಿದವಳು ಬೇಡ ಅಂತ ಯಾವ ಬಾಯಲ್ಲಿ ಹೇಳುವುದು? ಅಕ್ಕತಂಗಿಯರು ಓರಗಿತ್ತಿಯರಾದೆವು. ಮುಂದೆ ಮನೆ ಪಾಲಾಯಿತು, ನಡುವೆ ಗೋಡೆ ಎದ್ದಿತು. ಅಟ್ಟ ಮಾತ್ರ ಒಂದೇ ಉಳಿಯಿತು. ಅವಳು ಆಶಾ ಕಾರ್ಯಕರ್ತೆಯಾದಳು. ಗುಲಾಬಿ ಸೀರೆ ಉಟ್ಟು, ಬ್ಯಾಗು ಹಾಕಿಕೊಂಡು, ಬಸುರಿಯರನ್ನೂ ಕೂಸುಗಳನ್ನೂ ನೋಡಲು ಮನೆಮನೆ ತಿರುಗುತ್ತಾಳೆ. ಜನ ಅವಳನ್ನು ಮೇಡಂ ಅಂದರು. ಅವಳಿಗಿಂತ ಮೊದಲು ಈ ಊರಿಗೆ ಬಂದ ನಾನು 'ಆಶಾ ಮೇಡಂ ಅಕ್ಕ' ಆದೆ. ಅವಳಿಗೆ ಮಕ್ಕಳಾಗಲಿಲ್ಲ. ಅದೊಂದರಲ್ಲಿ ನಾನು ಮೇಲೆ ಅಂತ ಒಳಗೊಳಗೇ ಇಟ್ಟುಕೊಂಡಿದ್ದೆ. ನನ್ನ ಮಗಳು ಕಾವ್ಯ ದೊಡ್ಡವಳಾದ ದಿನ ಗೋಡೆ ಸುತ್ತಿಕೊಂಡು ಹೋಗಿ ಮೊದಲು ಹೇಳಿದ್ದು ಚಿಕ್ಕಮ್ಮನಿಗೆ. ನನಗೆ ಚಿಕ್ಕಮ್ಮನೇ ಬಂದು ಹೇಳಬೇಕಾಯಿತು.

ನನಗೆ ಸೇರಬೇಕಾದದ್ದೆಲ್ಲ ಅವಳ ಪಾಲಿಗೆ ಹೋಯಿತು ಅಂತ ನಂಬಿದ್ದೆ. ಮಾಲೇಕಲ್ಲು ಬೆಟ್ಟದ ಮೇಲಿನ ತಿಮ್ಮಪ್ಪನನ್ನೂ ಅಷ್ಟು ಗಟ್ಟಿಯಾಗಿ ನಂಬಿರಲಿಲ್ಲ.

ಕಾಯಿಲೆ ಗೊತ್ತಾಗುವುದಕ್ಕೆ ಎರಡು ವರ್ಷ ಮೊದಲು ಒಂದು ದಿನ ಮಂಜುಳಾ ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಮೈಮೇಲೆ ಬಿಳಿಚಿದ ಮಚ್ಚೆ ಇರುವವರನ್ನು ಹುಡುಕಿ ಬರೆಯಲು ಆಸ್ಪತ್ರೆಯವರು ಹೇಳಿದ್ದರಂತೆ. ನನ್ನ ಎಡ ಮೊಣಕೈಯ ಕೆಳಗೆ ವೀಳ್ಯದೆಲೆಯ ಅಗಲದ ಮಚ್ಚೆಯೊಂದಿತ್ತು. ನಾನು ಅದನ್ನು ಚಿಬ್ಬು ಅಂದುಕೊಂಡು ಅರಿಸಿನ ಹಚ್ಚುತ್ತಿದ್ದೆ. ಅವಳು ಜಗುಲಿಯ ಮೇಲೆ ಕೂತು ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಕಣ್ಣು ಮುಚ್ಕೋ ಅಕ್ಕ. ನಾನು ಪೆನ್ನಲ್ಲಿ ಮುಟ್ತೀನಿ. ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರ್ಸು."

ಕಣ್ಣು ಮುಚ್ಚಿದೆ. ತೋಳಿನ ಮೇಲೆ ಮುಟ್ಟಿದಳು, ತೋರಿಸಿದೆ. ಆಮೇಲೆ ಏನೂ ಇಲ್ಲ. ಅವಳು ಸುಮ್ಮನೆ ಕೂತಿದ್ದಾಳೆ ಅಂದುಕೊಂಡೆ. "ಮುಟ್ಟಿದ್ದೀನಿ ಕಣಕ್ಕ" ಅಂದಳು. ಆ ದನಿಯಲ್ಲಿ ಮೇಡಂ ಇದ್ದಳು, ನನ್ನ ಸೊಂಟದ ಮೇಲೆ ಬೆಳೆದವಳು ಇರಲಿಲ್ಲ. ರೆಪ್ಪೆಯನ್ನು ಒಂದು ಎಳೆಯಷ್ಟು ಎತ್ತಿ ನೋಡಿದೆ. ನೀಲಿ ಪೆನ್ನು ಮಚ್ಚೆಯ ನಡುವೆ ಒತ್ತಿಕೊಂಡಿತ್ತು. ಚರ್ಮ ಒಳಕ್ಕೆ ಕುಳಿ ಬಿದ್ದಿತ್ತು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಸರಿಯಾಗಿ ಅದೇ ಜಾಗಕ್ಕೆ ಬೆರಳಿಟ್ಟೆ. ಆಮೇಲೆ ಮೂರು ನಾಲ್ಕು ಸಲ ಹಾಗೇ ಮಾಡಿದೆ. ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡು ಎದ್ದುಹೋದಳು.

ಆ ದಿನ ನನಗೆ ಹೆದರಿಕೆಯಾಗಲಿಲ್ಲವೇ ಅಂತ ನೀವು ಕೇಳಬಹುದು. ಒಂದು ಕ್ಷಣ ಆಯಿತು. ಆದರೆ ಅವಳು ಹೇಳಿದ್ದು ನಿಜವಾಗಬಾರದು ಅನ್ನುವುದು ಆ ಹೆದರಿಕೆಗಿಂತ ದೊಡ್ಡದಾಗಿತ್ತು. ಎಲ್ಲದರಲ್ಲೂ ಮುಂದೆ ಹೋದವಳು, ನನ್ನ ಮೈ ಬಗ್ಗೆಯೂ ನನಗಿಂತ ಹೆಚ್ಚು ತಿಳಿದವಳಾಗುವುದು ನನಗೆ ಬೇಕಿರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ ಬೆರಳು ಒಳಕ್ಕೆ ಮಡಚಿಕೊಂಡವು. ನೀಟಿದರೂ ನೇರವಾಗುತ್ತಿರಲಿಲ್ಲ. ಕೆಲಸಕ್ಕೆ ಕೂತಾಗ ಕಾಯಿ ಕೈಯಿಂದ ಜಾರಿತು. ಜೊತೆಯವರು ನಕ್ಕರು, ನಾನೂ ನಕ್ಕೆ. ಒಂದು ಬೆಳಗ್ಗೆ ಮುದ್ದೆ ಮಾಡುವಾಗ ಕಾವ್ಯ ಓಡಿಬಂದು, "ಏನವ್ವ ಸೀದ ವಾಸನೆ?" ಅಂದಳು. ನನ್ನ ಅಂಗೈಯ ಬದಿ ಒಲೆಯ ಕಬ್ಬಿಣಕ್ಕೆ ತಾಗಿಕೊಂಡೇ ಇತ್ತು. ಬೊಬ್ಬೆ ಎದ್ದು ಬಿಳಿಚಿಕೊಂಡಿತ್ತು. ಮಗಳು ಅಳತೊಡಗಿದಳು. ನಾನು ಅವಳನ್ನು ಸಮಾಧಾನ ಮಾಡಿದೆ, ನೋವಿಲ್ಲ ಕಣೇ, ಒಂಚೂರೂ ನೋವಿಲ್ಲ ಅಂತ. ಹಾಗೆ ಹೇಳುತ್ತಿದ್ದಾಗಲೇ ನನ್ನ ಮಾತು ನನಗೇ ಕೇಳಿಸಿತು.

ಅರಸೀಕೆರೆಯ ಆಸ್ಪತ್ರೆಗೆ ನಾನು, ನಮ್ಮ ಮನೆಯವರು, ಕಾವ್ಯ ಹೋದೆವು. ಕಾವ್ಯ ಕರೆದಳು ಅಂತ ಮಂಜುಳಾ ಕೂಡ ಬಂದಳು. ನರ್ಸುಗಳೆಲ್ಲ ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಸೀದ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತವಳಿಗೆ ಅದೂ ಚುಚ್ಚಿತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊಣಕೈಯ ಹಿಂದಿನ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಕಣ್ಣು ಮುಚ್ಚಲು ಹೇಳಿ, ಮುಖಕ್ಕೆ ಒಂದು ರಟ್ಟು ಅಡ್ಡ ಹಿಡಿದರು. ಅವರಿಗೆ ನನ್ನಂಥವರು ಹೊಸಬರಲ್ಲ ಅಂತ ಕಾಣುತ್ತದೆ. ರಟ್ಟಿನ ಹಿಂದೆ ನಾನು ಕಾಯುತ್ತಲೇ ಇದ್ದೆ. ಅವರು ಮುಟ್ಟಿ ಮುಗಿಸಿ ಕೈ ತೊಳೆಯಲು ಎದ್ದಾಗಲೂ ಕಾಯುತ್ತಿದ್ದೆ.

ನಮ್ಮ ಕಡೆ ಆ ಕಾಯಿಲೆಯ ಹೆಸರು ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ಡಾಕ್ಟರಮ್ಮ ಹೆಸರು ಹಿಡಿದೇ ಹೇಳಿದರು, ಕುಷ್ಠ. ಒಂದು ವರ್ಷ ಮಾತ್ರೆ ತಗೊಂಡರೆ ವಾಸಿಯಾಗುತ್ತೆ, ಬೇರೆಯವರಿಗೆ ಅಂಟುವುದು ಮೊದಲ ಮಾತ್ರೆಗಳಿಗೇ ನಿಲ್ಲುತ್ತಾ ಬರುತ್ತೆ, ಮನೆಯಲ್ಲೇ ಎಲ್ಲರ ಜೊತೆ ಇರಿ ಅಂದರು. ಆದರೆ ಸತ್ತ ಸ್ಪರ್ಶ ಎಷ್ಟು ವಾಪಸು ಬರುತ್ತೋ ಹೇಳಲಾಗುವುದಿಲ್ಲ ಅಂದರು. ಮಚ್ಚೆ ಎಷ್ಟು ದಿನದಿಂದ ಇದೆ ಅಂತ ಕೇಳಿದರು. ಎರಡು ತಿಂಗಳು ಅಂದೆ. ಮಂಜುಳಾ ನನ್ನ ಹಿಂದೆಯೇ ನಿಂತಿದ್ದಳು. ಅವಳು ಬಾಯಿ ಬಿಡಲಿಲ್ಲ.

ಮನೆಗೆ ಬಂದು ನಮ್ಮ ಮನೆಯವರಿಗೆ ಕಾಫಿ ಕಾಸಿಕೊಟ್ಟೆ. ಅವರು ತಮ್ಮ ಲೋಟ ಬಿಟ್ಟು, ನಾನು ಕುಡಿದಿಟ್ಟ ಲೋಟಕ್ಕೇ ಬಗ್ಗಿಸಿಕೊಂಡು ಕುಡಿದರು. ಅವರಿಗೆ ಮಾತು ಬರುವುದಿಲ್ಲ, ಅಷ್ಟೇ ಬರುವುದು. ಆ ವರ್ಷವೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೋಟ.

ಮೂರನೇ ದಿನ ಹಳೇಬೀಡಿನಿಂದ ಅವ್ವ ಬಂದಳು. ಬಸ್ಸಿಳಿದು ಬಂದವಳು ಸೊಪ್ಪಿನ ಚೀಲ ಕೆಳಗಿಡುವುದಕ್ಕೂ ಮೊದಲೇ, "ಮಂಜಿಗೇನೂ ಆಗಿಲ್ಲ ತಾನೆ?" ಅಂತ ಕೇಳಿದಳು. ಆಮೇಲೆ ನನ್ನ ಕೈ ಹಿಡಿದು ಅತ್ತಳು, ಕೊಬ್ಬರಿ ಎಣ್ಣೆ ತಿಕ್ಕಿದಳು, ಎರಡು ದಿನ ಇದ್ದು ಹೋದಳು. ನನಗೆ ಅದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಮೊದಲು ಕೇಳಿದ ಮಾತೊಂದೇ ಉಳಿಯಿತು.

ಆ ವಾರವೇ ಮೇಲಿನ ಬೀದಿಯ ಗೌರಮ್ಮ, ಕೈಯ ಕಟ್ಟು ನೋಡಿ ಏನಾಯ್ತು ಅಂತ ಕೇಳಿದಳು. ಕಾಯಿಲೆಯ ಹೆಸರು ಹೇಳುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಮಾತು ಹೇಳುವ ಧೈರ್ಯ ಮಾತ್ರ ಎಲ್ಲಿಂದಲೋ ಬಂತು. "ಯಾರ್ಯಾರನ್ನೋ ಮುಟ್ಟಿ ಬತ್ತಾಳೆ, ಅದೇ ಕೈಲಿ ಮನೆ ಒಳಕ್ಕೆ ಬತ್ತಾಳೆ. ಗೋಡೆ ಈಚೆ ಇರೋರ ಗತಿ ಏನು ಹೇಳು" ಅಂದೆ. ತಂಗಿಯ ಹೆಸರು ಎತ್ತಲಿಲ್ಲ. ಗೌರಮ್ಮನಿಗೆ ಎತ್ತಬೇಕಾಗಿಯೂ ಇರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅದು ನನಗೂ ನಿಜ ಅನ್ನಿಸಿಬಿಟ್ಟಿತು. ಹೌದಲ್ಲ, ಮನೆಮನೆ ತಿರುಗುವವಳು ಅವಳು, ಕಾಯಿಲೆ ಬಂದದ್ದು ನನಗೆ. ಮುಂದೆ ಇದನ್ನೇ ಇನ್ನೂ ಎರಡು ಮನೆಯಲ್ಲಿ ಹೇಳಿದೆ.

ಮಾತ್ರೆ ಶುರುವಾದ ಮೊದಲ ದಿನ ಮೂತ್ರ ಕೆಂಪಗೆ ಬಂತು. ಆಸ್ಪತ್ರೆಯಲ್ಲಿ ಹೇಳಿದ್ದರೂ ಮರೆತಿದ್ದೆ. ಬಚ್ಚಲಲ್ಲೇ ಕೂತುಬಿಟ್ಟೆ. ನಿಮಗೂ ಹಾಗಾದರೆ ಹೆದರಬೇಡಿ, ಮರುದಿನಕ್ಕೆ ಸರಿಹೋಗುತ್ತದೆ. ತಿಂಗಳು ಕಳೆಯುತ್ತಾ ಮೈ ಕಪ್ಪಾಯಿತು. ಅದೂ ಮುಂದೆ ತಿಳಿಯಾಗುತ್ತದೆ.

ಮನೆಯವರನ್ನೆಲ್ಲ ಪರೀಕ್ಷೆ ಮಾಡಲು ಆಸ್ಪತ್ರೆಯಿಂದ ಸಿಬ್ಬಂದಿ ಬಂದರು. ಗೋಡೆಯ ಆಚೆಯವರನ್ನೂ ನೋಡಬೇಕು ಅಂದರು. ಕಾವ್ಯನ ಮೈಮೇಲೆ ಏನೂ ಇರಲಿಲ್ಲ. ನಮ್ಮ ಮನೆಯವರಿಗೆ, ರಮೇಶನಿಗೆ ಏನೂ ಇಲ್ಲ. ಆಮೇಲೆ ಹೆಂಗಸೊಬ್ಬರು ಮಂಜುಳಾಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಾಗಿಲು ತೆಗೆದಾಗ ಮಂಜುಳಾ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಬೆನ್ನಿನ ಮೇಲೆ, ಭುಜದ ಮೂಳೆಯ ಕೆಳಗೆ, ಒಂದು ಮಚ್ಚೆ ಇತ್ತು. ರೂಪಾಯಿ ಬಿಲ್ಲೆಯಷ್ಟು. ಊರಿನವರ ಮೈಯನ್ನೆಲ್ಲ ನೋಡುವವಳಿಗೆ ತನ್ನ ಬೆನ್ನು ಕಂಡಿರಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ. ಇದನ್ನು ಕಾವ್ಯನ ಕೈಲೂ ಓದಿಸಿದ್ದೇನೆ, ಅವಳು ಕಾಗುಣಿತ ತಿದ್ದಿಕೊಟ್ಟಳು, ಮಾತು ತಿದ್ದಲಿಲ್ಲ. ತಂಗಿಗೂ ಬಂದಿದೆ ಅಂತ ಕೇಳಿದಾಗ ನನಗೆ ಸಂತೋಷವಾಯಿತು. ಅಯ್ಯೋ ಅಂದೆ, ಸೆರಗು ಬಾಯಿಗೆ ಹಿಡಿದೆ. ಒಳಗೆ ಮಾತ್ರ ಎದೆ ಹಗುರವಾಗಿತ್ತು. ಬೇಲೂರಿನ ಬಸ್ಸು ಹತ್ತಿದವಳು, ಮೇಡಂ ಅನ್ನಿಸಿಕೊಂಡವಳು, ಅವ್ವ ಮೊದಲು ಕೇಳಿದವಳು ಕೊನೆಗೂ ನನ್ನ ಪಕ್ಕಕ್ಕೆ ಬಂದು ಕೂತಳು ಅನ್ನಿಸಿತು. ಕಾಯಿಲೆ ಗೊತ್ತಾದಾಗಿನಿಂದ ಅರ್ಧ ಮುದ್ದೆ ಗಂಟಲಲ್ಲಿ ಇಳಿಯದವಳು ಅವತ್ತು ಎರಡು ಮುದ್ದೆ ಉಂಡೆ.

ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ಅವಳದು ಒಂದೇ ಮಚ್ಚೆ, ನರಕ್ಕೆ ಏನೂ ಆಗಿಲ್ಲ, ಆರು ತಿಂಗಳ ಮಾತ್ರೆ ಸಾಕು ಅಂದರು. ನನಗೆ ಒಂದು ವರ್ಷ. ಕಾಯಿಲೆಯಲ್ಲೂ ಅವಳಿಗೇ ಹಗುರವಾದದ್ದು ಸಿಕ್ಕಿತು ಅಂತ ಹೊಟ್ಟೆ ಉರಿದುಕೊಂಡೆ. ನಗಬೇಡಿ. ಅಥವಾ ನಗಿ, ಈಗ ನನಗೂ ನಗು ಬರುತ್ತದೆ.

ನನಗೆ ಬಂದದ್ದನ್ನು ನಾನು ಮುಚ್ಚಿಟ್ಟರೆ ಅವಳು ತನ್ನದನ್ನು ಬಾಯಿ ಬಿಟ್ಟು ಹೇಳಿದಳು. ಹೋದ ಮನೆಯಲ್ಲೆಲ್ಲ, ನಾನೂ ಮಾತ್ರೆ ತಗೊತಿದ್ದೀನಿ, ಮಚ್ಚೆ ಇದ್ದರೆ ಹೆದರದೆ ತೋರಿಸಿ ಅಂದಳು. ತೋರಿಸಿದವರು ಯಾರೂ ಇಲ್ಲ. ನಾನು ಹಾಕಿದ್ದ ಮಾತು ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಅಕ್ಕನೇ ಹೇಳಿದ್ದಾಳೆ ಅಂದಮೇಲೆ ಇನ್ನೇನು. ಬಾಗಿಲುಗಳು ಮುಚ್ಚಿಕೊಂಡವು. ಕೂಸಿನ ತೂಕ ನೋಡಲು ಹೋದರೆ ಕೂಸು ಮಲಗಿದೆ ಅಂದರು. ಬಸುರಿಯನ್ನು ಕೇಳಿದರೆ ತವರಿಗೆ ಹೋಗಿದ್ದಾಳೆ ಅಂದರು. ಗುಲಾಬಿ ಸೀರೆ ಉಟ್ಟು ಬೆಳಗ್ಗೆ ಹೋದವಳು ಹತ್ತು ಗಂಟೆಗೆಲ್ಲ ವಾಪಸು ಬಂದು ಅವಳ ಕಡೆಯ ಜಗುಲಿಯ ಮೇಲೆ ಬ್ಯಾಗು ಇಟ್ಟುಕೊಂಡು ಕೂರುತ್ತಿದ್ದಳು. ಹೀಗೇ ಆದರೆ ಬೇರೆಯವರನ್ನು ಹಾಕಬೇಕಾಗುತ್ತೆ ಅಂತ ಮೇಲಿನವರು ಹೇಳಿದ್ದಾರೆ ಅಂತ ರಮೇಶ ನಮ್ಮ ಮನೆಯವರ ಹತ್ತಿರ ಹೇಳಿಕೊಂಡನಂತೆ. ಇಷ್ಟಾದರೂ ನನ್ನ ತಿಂಗಳ ಮಾತ್ರೆ ತಂದುಕೊಡುವುದನ್ನು ಅವಳು ತಪ್ಪಿಸಲಿಲ್ಲ. ಸಂಜೆ ಬೋಗುಣಿಯಲ್ಲಿ ನೀರಿಟ್ಟು ನನ್ನ ಕೈ ನೆನೆಸಿ, ಎಣ್ಣೆ ಹಚ್ಚಿ, ಮಡಚಿದ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸುತ್ತಿದ್ದಳು. ನಾನು ಅವಳನ್ನು ನೋಡದೆ ಆ ಕಡೆ ಮುಖ ತಿರುಗಿಸಿ ಕೂರುತ್ತಿದ್ದೆ.

ನಾಲ್ಕನೇ ತಿಂಗಳು ಕೈ ತೋರಿಸಲು ಆಸ್ಪತ್ರೆಗೆ ಒಬ್ಬಳೇ ಹೋದೆ. ಕಾಯುವ ಬೆಂಚಿನಲ್ಲಿ ಪಕ್ಕದಲ್ಲಿ ಹಳೇಬೀಡಿನ ಕಡೆಯ ಹೆಂಗಸು, ನನ್ನ ಓರಗೆಯವಳು. ಏನಾಗಿದೆ ಅಂತ ಕೇಳಿದಳು. ಬಿಪಿ ಅಂದೆ. ತಾನು ಕಣ್ಣು ತೋರಿಸಲು ಬಂದೆ ಅಂದಳು. ಅರ್ಧ ಗಂಟೆ ಬಿಪಿ, ಕಣ್ಣು, ಮೊಮ್ಮಕ್ಕಳು ಅಂತ ಮಾತಾಡಿದೆವು. ಆಮೇಲೆ ಒಂದೇ ಬಾಗಿಲಿಗೆ ಇಬ್ಬರನ್ನೂ ಕರೆದರು. ಅವಳು ನನ್ನ ಕೈ ನೋಡಿದಳು, ನಾನು ಅವಳ ಕಾಲಿನ ಕಟ್ಟು ನೋಡಿದೆ.

"ನಿಮ್ಮ ಬಿಪಿ ಇಲ್ಲೇ ನೋಡ್ತಾರೇನ್ರೀ?" ಅಂದಳು.

ಕಾಯಿಲೆ ಬಂದಮೇಲೆ ನಾನು ಮೊದಲ ಸಲ ಹೊಟ್ಟೆ ತುಂಬ ನಕ್ಕದ್ದು ಅಲ್ಲಿ. ಹೊರಗೆ ಬಂದು ಒಟ್ಟಿಗೆ ಕಾಫಿ ಕುಡಿದೆವು. ಅವಳ ಒಡಹುಟ್ಟಿದ ಅಕ್ಕ ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾಳಂತೆ, ನೀರು ಕೊಟ್ಟರೆ ಲೋಟ ತಗೊಂಡು ಹೋಗು ಅನ್ನುತ್ತಾಳಂತೆ. ನನ್ನ ಬೆರಳು ಇಷ್ಟಾದರೂ ಹೇಗೆ ನೇರವಾಯಿತು ಅಂತ ಕೇಳಿದಳು. ತಂಗಿ ದಿನಾ ನೀವುತ್ತಾಳೆ ಅಂದೆ. ಅವಳು ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಪುಣ್ಯವಂತೆ ಬಿಡ್ರಿ ನೀವು" ಅಂದಳು.

ಆ ದನಿ ನನಗೆ ಚೆನ್ನಾಗಿ ಗೊತ್ತು. ನಲವತ್ತು ವರ್ಷದಿಂದ ನನ್ನ ಗಂಟಲಲ್ಲಿ ಇರುವ ದನಿ ಅದು. ಹೊಟ್ಟೆಕಿಚ್ಚುಪಟ್ಟೇ ಬದುಕಿದವಳ ಮೇಲೆ ಇನ್ನೊಬ್ಬಳು ಹೊಟ್ಟೆಕಿಚ್ಚುಪಟ್ಟಿದ್ದಳು, ಅದೂ ನನಗಿರುವ ತಂಗಿಯನ್ನು ಕಂಡು. ಬಸ್ಸಿನಲ್ಲಿ ಬರುತ್ತಾ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ನನ್ನ ನಂಬಿಕೆ ಅವತ್ತೇನೂ ಬಿದ್ದುಹೋಗಲಿಲ್ಲ. ಸುಳ್ಳು ಹೇಳಿದರೆ ಈ ಬರಹಕ್ಕೆ ಬೆಲೆಯಿಲ್ಲ. ಮಾತ್ರೆ ಶುರುವಾದ ವಾರವೇ ಅಟ್ಟಕ್ಕೆ ಹಾಕಿದ್ದ ಕಾಯಿಗಳ ಹಾಗೆ, ಒಳಗೆ ಎಲ್ಲೋ ಒಂದು ಕಡೆ ಚಿಪ್ಪಿನಿಂದ ಬಿಟ್ಟಿತು, ಅಷ್ಟೇ.

ಏಳನೇ ತಿಂಗಳು ಗೌರಮ್ಮನ ಮನೆಯವರು ಅಟ್ಟ ಇಳಿಸಿದರು. ಮಚ್ಚು ಹಿಡಿಯಲು ಆಗದಿದ್ದರೂ ಕಾಯಿ ಅಲ್ಲಾಡಿಸಿ ನೋಡಿ ಬೇರೆ ಮಾಡಿಕೊಡು ಅಂತ ನನ್ನನ್ನು ಕರೆದರು. ಅವಳ ಸೊಸೆ ಭಾಗ್ಯ ಏಳು ತಿಂಗಳ ಬಸುರಿ. ಹಜಾರದಲ್ಲಿ ಕಾಲು ನೀಡಿ ಕೂತಿದ್ದಳು. ಎರಡು ಕಾಲೂ ಊದಿಕೊಂಡು ಗೆಜ್ಜೆ ಚರ್ಮದೊಳಕ್ಕೆ ಹೂತಿತ್ತು. ಮುಖವೂ ಊದಿತ್ತು. ತಲೆನೋವು, ಕಣ್ಣು ಮಂಜು ಅಂದಳು. ಬಸುರಿಲಿ ಇದೆಲ್ಲ ಇದ್ದದ್ದೇ ಅಂತ ಗೌರಮ್ಮ. ಮಂಜುಳಾ ಇಂಥದನ್ನು ಗೋಡೆಯ ಆಚೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಎಷ್ಟು ಸಲ ಬಿದ್ದಿತ್ತೋ. ಮುಖ ಊದಿ ತಲೆನೋವು ಬಂದರೆ ಒಂದು ಗಂಟೆಯೂ ತಡ ಮಾಡಬೇಡಿ ಅನ್ನುತ್ತಿದ್ದಳು.

ಮಂಜುಳಾಳನ್ನು ಕರೆಸು ಅಂದೆ. ಗೌರಮ್ಮ ನನ್ನ ಕಡೆ ತಿರುಗಿದಳು.

"ಅಲ್ಲ ಕಣೇ ಜಯಮ್ಮ, ನೀನೇ ಅಲ್ವ ಹೇಳಿದ್ದು? ಅವಳು ಮುಟ್ಟಿದ ಕೈಲಿ ಮನೆ ಒಳಕ್ಕೆ ರೋಗ ಬತ್ತದೆ ಅಂತ. ಈಗ ಬಸುರಿ ಹೆಂಗಸ ಮುಟ್ಟಿಸು ಅಂತೀಯಲ್ಲ."

ಕಾಯಿ ಬೇರೆ ಮಾಡುತ್ತಿದ್ದ ನಾಲ್ಕು ಜನ ಹೆಂಗಸರ 'ಗಡಗಡ' ಸದ್ದು ನಿಂತಿತು. ನನಗೆ ಎರಡು ದಾರಿ ಇತ್ತು. ಸುಮ್ಮನಿದ್ದು ಭಾಗ್ಯಳನ್ನು ಆಟೋದಲ್ಲಿ ಕೂರಿಸಿ ಕಳಿಸಬಹುದಿತ್ತು. ಹಾಗೆ ಮಾಡಿದ್ದರೆ ಒಳ್ಳೆಯವಳೂ ಆಗುತ್ತಿದ್ದೆ, ತಂಗಿ ಜಗುಲಿಯ ಮೇಲೇ ಕೂತಿರುತ್ತಿದ್ದಳು. ಆ ಯೋಚನೆ ನಿಜವಾಗಿಯೂ ಬಂತು. ಆಮೇಲೆ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದೆ.

"ರೋಗ ನಂದು ಕಣೇ ಗೌರಿ. ಅವಳಿಗಿಂತ ಮೊದ್ಲು ನಂಗೆ ಬಂದಿದ್ದು. ಎರಡು ವರ್ಷ ಮುಚ್ಚಿಟ್ಕೊಂಡಿದ್ದೆ. ಅವಳು ತಂದಳು ಅಂದಿದ್ದು ಹೊಟ್ಟೆಕಿಚ್ಚಿಗೆ."

ಒಬ್ಬಳು ನನ್ನ ಪಕ್ಕದಿಂದ ಎದ್ದು ಸ್ವಲ್ಪ ದೂರ ಕೂತಳು. ನನಗೆ ಅದು ನೋಯಿತು. ಭಾಗ್ಯ ಮಾತ್ರ ಅತ್ತೆಯ ಮುಖ ನೋಡದೆ ಫೋನ್ ಕೈಗೆ ತಗೊಂಡಳು. ಐದು ನಿಮಿಷದಲ್ಲಿ ಮಂಜುಳಾ ಬಂದಳು. ಸೀರೆ ಉಡಲೂ ನಿಂತಿರಲಿಲ್ಲ, ಮನೆಯಲ್ಲಿ ತೊಟ್ಟ ನೈಟಿಯ ಮೇಲೆ ಟವೆಲ್ಲು ಹಾಕಿಕೊಂಡು ಓಡಿಬಂದಿದ್ದಳು. ಬಿಪಿ ನೋಡಿ, ಆಂಬುಲೆನ್ಸಿಗೆ ಫೋನ್ ಮಾಡಿ, ಭಾಗ್ಯಳ ಗೆಜ್ಜೆಯನ್ನು ಮೆಲ್ಲಗೆ ಬಿಚ್ಚಿ ಗೌರಮ್ಮನ ಕೈಗೆ ಕೊಟ್ಟಳು. ನನ್ನ ಕಡೆ ತಿರುಗಲಿಲ್ಲ. ಭಾಗ್ಯಳನ್ನು ಹಾಸನಕ್ಕೆ ಕರೆದುಕೊಂಡು ಹೋದರು. ಮಗು ದಿನಕ್ಕೆ ಮೊದಲೇ ಹುಟ್ಟಿತು, ಚಿಕ್ಕದಾಗಿ ಹುಟ್ಟಿತು. ತಾಯಿ ಮಗು ಇಬ್ಬರೂ ಈಗ ಚೆನ್ನಾಗಿದ್ದಾರೆ. ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು. ಕಾಯಿಲೆ ಗೊತ್ತಾದದ್ದರಿಂದ ನನ್ನನ್ನು ಕೆಲಸಕ್ಕೆ ಕರೆಯುವುದನ್ನು ಕೆಲವರು ನಿಲ್ಲಿಸಿದರು. ಅವರಲ್ಲಿ ಅರ್ಧದಷ್ಟು ಜನ ಮತ್ತೆ ಕರೆಯುತ್ತಿದ್ದಾರೆ. ಊರೆಲ್ಲ ಮಂಜುಳಾಳನ್ನು ಹೊಗಳುವಾಗ ನನಗೆ ಈಗಲೂ ಒಳಗೆ ಚುರ್ ಅನ್ನುತ್ತದೆ. ಆ ಚುರುಕು ಹೋಗುತ್ತೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಗೌರಮ್ಮನ ಮನೆಯಲ್ಲಿ ನಾನು ಹೇಳಿದ್ದರಲ್ಲಿ ಒಂದು ಉಳಿದುಕೊಂಡಿತ್ತು. ಮುಚ್ಚಿಟ್ಟುಕೊಂಡೆ ಅಂದಿದ್ದೆ. ಹೇಗೆ ಮುಚ್ಚಿಟ್ಟುಕೊಂಡೆ ಅಂತ ಹೇಳಿರಲಿಲ್ಲ. ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಯಾರೂ ಹೇಳಲಾರರು, ಮೈಯೊಳಗೆ ವರ್ಷಗಟ್ಟಲೆ ಅಡಗಿರುತ್ತೆ ಅಂತ ಡಾಕ್ಟರಮ್ಮ ಎರಡು ಮೂರು ಸಲ ಹೇಳಿದ್ದರು. ಆದರೂ ಎರಡು ವರ್ಷ ಮೊದಲೇ ಮಾತ್ರೆ ನುಂಗಿದ್ದರೆ ಅವಳ ಬೆನ್ನು ಉಳಿಯುತ್ತಿತ್ತೋ ಏನೋ. ಅದು ನನ್ನನ್ನು ಬಿಡಲಿಲ್ಲ.

ನನ್ನ ಕೊನೆಯ ಮಾತ್ರೆ ಮುಗಿದ ವಾರ ನಮ್ಮ ಅಟ್ಟದ ಕಾಯಿ ಕೊಬ್ಬರಿಯಾಗಿದೆಯೇ ನೋಡಲು ಏಣಿ ಹತ್ತಿದೆ. ಮಂಜುಳಾಳೂ ಹಿಂದೆ ಹತ್ತಿ ಬಂದಳು. ಅವಳ ಮಾತ್ರೆ ಮುಗಿದು ಆರು ತಿಂಗಳಾಗುತ್ತಾ ಬಂದಿತ್ತು. ಗಾಜಿನ ಹೆಂಚಿನಿಂದ ಬಿಸಿಲು ಇಳಿಯುತ್ತಿತ್ತು. ನಾನು ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ಅವಳ ಕೈಗೆ ಕೊಡುತ್ತಿದ್ದೆ. ಬಹುಪಾಲು ಸದ್ದು ಮಾಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವಳು ಬ್ಯಾಗಿನಿಂದ ಪೆನ್ನು ತೆಗೆದಳು. ತಿಂಗಳಿಗೊಮ್ಮೆ ನೋಡುವುದು ಅವಳ ರೂಢಿ. ಅವತ್ತಿನವರೆಗೂ ನಾನು ಕಣ್ಣು ಮುಚ್ಚಿ, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅಂತ ಬಾಯಿ ಬಿಟ್ಟು ಹೇಳದೆ, ಇಲ್ಲ ಅನ್ನುವ ಹಾಗೆ ತಲೆ ಮಾತ್ರ ಆಡಿಸುತ್ತಿದ್ದೆ.

ಕಣ್ಣು ಮುಚ್ಚಿದೆ. ಕಾಯುತ್ತಿದ್ದೆ. "ಮುಟ್ಟಿದ್ದೀನಿ" ಅಂದಳು.

"ಗೊತ್ತಾಗ್ಲಿಲ್ಲ ಕಣೇ" ಅಂದೆ. ಕಣ್ಣು ತೆರೆಯದೆಯೇ ಉಳಿದದ್ದನ್ನೂ ಹೇಳಿದೆ. "ಅವತ್ತು ಜಗುಲಿ ಮೇಲೂ ಗೊತ್ತಾಗಿರ್ಲಿಲ್ಲ. ಕಳ್ಳಗಣ್ಣಲ್ಲಿ ನೋಡ್ಕಂಡು ತೋರಿಸ್ದೆ."

ಅವಳು ಪೆನ್ನು ಎತ್ತಿದಳೋ ಇಲ್ಲವೋ ತಿಳಿಯಲಿಲ್ಲ.

"ನಂಗೊತ್ತಿತ್ತು ಅಕ್ಕ. ನಿನ್ನ ರೆಪ್ಪೆ ಅದುರ್ತಿತ್ತು."

ಕಣ್ಣು ಬಿಟ್ಟೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಕಾಯಿಯ ನಾರು ಕೀಳುತ್ತಿದ್ದಳು. ಗೊತ್ತಿದ್ದೂ ಏನಿಲ್ಲ ಅಂತ ಯಾಕೆ ಬರೆದುಕೊಂಡೆ ಅಂತ ಕೇಳಿದೆ.

"ಸಾಕಾಗಿತ್ತು ಕಣಕ್ಕ. ಏನು ಹೇಳಿದ್ರೂ ನಿನ್ನ ಕಣ್ಣಿಗೆ ನಾನು ಕೆಟ್ಟೋಳೇ. ಇರ್ಲಿ, ನೋವು ಬಂದ್ರೆ ಅವಳೇ ಬತ್ತಾಳೆ ಅಂದ್ಕಂಡೆ." ಸ್ವಲ್ಪ ತಡೆದು ಹೇಳಿದಳು, "ನೋವು ಬರದೇ ಇರೋ ಕಾಯಿಲೆ ಅಂತ ಗೊತ್ತಿದ್ದೇ ಅಂದ್ಕಂಡೆ."

ಮೊದಲು ಸಿಟ್ಟು ಬಂತು. ನನ್ನ ಎರಡು ಬೆರಳು ಇನ್ನೂ ಪೂರ್ತಿ ನೀಟುವುದಿಲ್ಲ, ಇನ್ನು ನೀಟುವುದೂ ಇಲ್ಲ. ಆ ಸಿಟ್ಟು ಎಷ್ಟು ಹೊತ್ತು ಇತ್ತೋ ಹೇಳಲಾರೆ. ಅದರ ಹಿಂದೆ ಬೇರೆ ಏನೋ ಬಂತು. ಇಷ್ಟು ವರ್ಷ ನಾನು ಹೊಟ್ಟೆ ಉರಿದುಕೊಂಡದ್ದು ಯಾರ ಮೇಲೆ? ಎಲ್ಲ ಸರಿಯಾಗಿ ಮಾಡುವ, ಎಲ್ಲರಿಗೂ ಬೇಕಾದ ಒಬ್ಬಳ ಮೇಲೆ. ಅಂಥವಳು ಈ ಅಟ್ಟದಲ್ಲಿ ಇರಲಿಲ್ಲ. ಇದ್ದವಳು ನನ್ನ ಹಾಗೇ ಸೇಡು ಇಟ್ಟುಕೊಂಡವಳು, ತನ್ನ ಪುಸ್ತಕದಲ್ಲಿ ಸುಳ್ಳು ಬರೆದವಳು, ಆ ಸುಳ್ಳಿಗಾಗಿ ಒಂದು ವರ್ಷ ದಿನಾ ಸಂಜೆ ನನ್ನ ಬೆರಳು ನೀವಿದವಳು. ನನ್ನ ಸೊಂಟದ ಮೇಲೆ ಬೆಳೆದವಳು.

ಇಬ್ಬರೂ ಅಳಲಿಲ್ಲ. ಅವಳು ಪೆನ್ನನ್ನು ನನ್ನ ಬಲಗೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತು, ಸೆರಗು ಸರಿಸಿ ರವಿಕೆ ಸಡಿಲಿಸಿದಳು. ಮಚ್ಚೆಯ ಜಾಗ ಸುತ್ತಲಿನ ಚರ್ಮಕ್ಕಿಂತ ಒಂದಿಷ್ಟು ತಿಳಿಯಾಗಿ ಕಾಣುತ್ತಿತ್ತು. ಮೆಲ್ಲಗೆ ಪೆನ್ನು ಒತ್ತಿದೆ.

"ಗೊತ್ತಾಯ್ತು" ಅಂದಳು.

ಅವಳಿಗೆ ಸ್ಪರ್ಶ ವಾಪಸು ಬಂದಿದೆ, ನನಗಿಲ್ಲ. ಒಳಗೆ ಹಳೆಯ ಚುರುಕು ಎದ್ದಿತು. ನನಗೆ ಅದರ ಗುರುತು ಚೆನ್ನಾಗಿದೆ, ಎದ್ದರೆ ಏಳಲಿ ಅಂತ ಬಿಟ್ಟೆ. ಅವಳ ಮುಖ ಆ ಕಡೆ ಇತ್ತು, ಕಣ್ಣು ಮುಚ್ಚಿದ್ದಾಳೋ ತೆರೆದಿದ್ದಾಳೋ ನನಗೆ ಕಾಣುತ್ತಿರಲಿಲ್ಲ.

"ಎಲ್ಲಿ ಮುಟ್ಟಿದೆ ಅಂತ ತೋರಿಸ್ಲಾ?" ಅಂತ ಕೇಳಿದಳು.

"ಬೇಡ, ನಂಬ್ತೀನಿ" ಅಂದೆ.